ದಿಲ್ಲಿ ದರ್ಬಾರಿಗೆ ಬಂದ ಸೂರ್ಯ

ದಿಲ್ಲಿಯ ಪೂಸಾದಲ್ಲಿರುವ ರಾಷ್ಟ್ರೀಯ ಭೌತಿಕ ಪ್ರಯೋಗಾಲಯ ಈ ದೇಶದ ಅಳತೆಗಳ ಮನೆ. ಭಾರತದ ಕಿಲೋಗ್ರಾಮಿಗೆ ಆಧಾರವಾಗಿದ್ದ 57ನೇ ಸಂಖ್ಯೆಯ ಪ್ಲಾಟಿನಂ-ಇರಿಡಿಯಂ ತೂಕದ ಬಟ್ಟು ಇರುವುದು ಅಲ್ಲಿ, ನಮ್ಮ ಕಾಲಮಾನವನ್ನು ಕಾಯುವ ಗಡಿಯಾರಗಳು ಓಡುವುದೂ ಅಲ್ಲೇ. 1947ರ ಜನವರಿ 4ರಂದು ನೆಹರೂ ಇದಕ್ಕೆ ಅಡಿಗಲ್ಲು ಹಾಕಿದರು, 1950ರ ಜನವರಿ 21ರಂದು ಸರ್ದಾರ್ ಪಟೇಲರು ಉದ್ಘಾಟಿಸಿದರು. ಕೆ.ಎಸ್. ಕೃಷ್ಣನ್ ಮೊದಲ ನಿರ್ದೇಶಕರು. ಬಾಗಿಲು ತೆರೆದ ಮೂರ್ನಾಲ್ಕು ವರ್ಷದೊಳಗೆ ಈ ಪ್ರಯೋಗಾಲಯ ಬಡವರ ಮನೆಗೆಂದು ಒಂದು ವಸ್ತು ತಯಾರಿಸಿತು. ಅದು ಎಂ.ಎಲ್. ಘಾಯ್ ಮತ್ತು ಸಂಗಡಿಗರು ರೂಪಿಸಿದ ಸೌರ ಒಲೆ. ದೊಡ್ಡ ತಟ್ಟೆಯಾಕಾರದ ಅಲ್ಯೂಮಿನಿಯಂ ಪ್ರತಿಫಲಕ, ಅದರ ನಾಭಿಯಲ್ಲೊಂದು ಪಾತ್ರೆ, ಬಿಸಿಲಿಗೆ ಮುಖ ಮಾಡಿ ತಿರುಗಿಸಲು ಒಂದು ಚೌಕಟ್ಟು. ಮುಂಬಯಿಯ ಕಂಪನಿಯೊಂದು ಅದನ್ನು ತಯಾರಿಸಿ ಮಾರಾಟಕ್ಕೂ ಇಟ್ಟಿತು. 1954ರ ಅಕ್ಟೋಬರಿನಲ್ಲಿ ಯುನೆಸ್ಕೋ ಮತ್ತು ಭಾರತ ಸರ್ಕಾರ ಸೇರಿ ಸೌರ ಮತ್ತು ಪವನ ಶಕ್ತಿಯ ಕುರಿತ ವಿಚಾರಗೋಷ್ಠಿಯನ್ನು ದಿಲ್ಲಿಯಲ್ಲೇ ನಡೆಸಿದವು. ಆಗಷ್ಟೇ ಸ್ವತಂತ್ರವಾದ ಬಡ ದೇಶವೊಂದು ಸೂರ್ಯನಿಂದ ಅಡುಗೆ ಮಾಡಿ ತೋರಿಸುತ್ತದೆ ಎಂಬುದು ಜಗತ್ತಿನ ಕಿವಿಗೆ ಹಿತವಾದ ಸುದ್ದಿಯೇ ಆಗಿತ್ತು. ಆದರೆ ಒಲೆ ಮಾರಾಟವಾಗಲಿಲ್ಲ. ಕೊಂಡ ಕೆಲವರ ಮನೆಯಲ್ಲೂ ಅದು ಅಂಗಳದ ಮೂಲೆ ಸೇರಿತು. ಅದರ ಸೋಲಿನ ನೆರಳು ಮುಂದಿನ ಹಲವು ವರ್ಷ ಭಾರತದ ಸೌರ ಸಂಶೋಧನೆಯ ಮೇಲೆ ಬಿದ್ದೇ ಇತ್ತು.

ಈ ಒಲೆಯಲ್ಲಿ ಮೋಸವೇನೂ ಇರಲಿಲ್ಲ, ಭೌತಶಾಸ್ತ್ರವೂ ತಪ್ಪಿರಲಿಲ್ಲ. ದಿಲ್ಲಿಯ ಮಟಮಟ ಮಧ್ಯಾಹ್ನದಲ್ಲಿ ಒಂದು ಚದರ ಮೀಟರ್ ಜಾಗದ ಮೇಲೆ ಬೀಳುವ ಬಿಸಿಲಿನಲ್ಲಿ ಸುಮಾರು ಒಂದು ಕಿಲೋವಾಟ್ ಶಕ್ತಿ ಇರುತ್ತದೆ. ಅದನ್ನು ಒಂದು ಕಡೆ ಕೂಡಿಸಿದರೆ ನೀರು ಕುದಿಯದೆ ಇರಲಾರದು. ಅನ್ನ ಬೇಯುತ್ತದೆ, ಬೇಳೆಯೂ ಬೇಯುತ್ತದೆ. ಮುಂಬಯಿಯ ಹೈಕೋರ್ಟಿನಲ್ಲಿ ಕೆಲಸಕ್ಕಿದ್ದ ವಿಲಿಯಂ ಆಡಮ್ಸ್ ಎಂಬ ಇಂಗ್ಲಿಷಿನವ ಕನ್ನಡಿಗಳನ್ನು ಜೋಡಿಸಿ ಬಿಸಿಲಿನಲ್ಲಿ ಅಡುಗೆ ಮಾಡಿ ತೋರಿಸಿ, 1878ರಲ್ಲಿ ಆ ಕುರಿತು ಪುಸ್ತಕವನ್ನೂ ಪ್ರಕಟಿಸಿದ್ದ. ಹಾಗಾಗಿ ವಿಷಯ ಹೊಸತೂ ಅಲ್ಲ. ತೊಡಕಿದ್ದದ್ದು ಬಳಸುವಲ್ಲಿ. ಸೂರ್ಯ ಗಂಟೆಗೆ ಹದಿನೈದು ಡಿಗ್ರಿ ಸರಿಯುತ್ತಾನೆ. ಆದ್ದರಿಂದ ತಟ್ಟೆಯನ್ನು ಕಾಲು ಗಂಟೆಗೊಮ್ಮೆ ತಿರುಗಿಸದಿದ್ದರೆ ಬೆಳಕಿನ ಚುಕ್ಕೆ ಪಾತ್ರೆ ಬಿಟ್ಟು ಜಾರುತ್ತದೆ. ತಿರುಗಿಸುವವಳು ಮೇ ತಿಂಗಳ ಲೂ ಎಂಬ ಬಿಸಿಗಾಳಿಯಲ್ಲಿ, ಕಣ್ಣು ಕುಕ್ಕುವ ಅಲ್ಯೂಮಿನಿಯಂ ಎದುರು ನಿಲ್ಲಬೇಕು. ಗಾಳಿ ಜೋರಾದರೆ ತಟ್ಟೆ ಅಲುಗುತ್ತದೆ, ಧೂಳು ಕೂತರೆ ಹೊಳಪು ಮಾಸುತ್ತದೆ. ಡಿಸೆಂಬರಿನಲ್ಲಿ ಸೂರ್ಯ ದಿಲ್ಲಿಯ ನೆತ್ತಿಗೆ ಬರುವುದೇ ಇಲ್ಲ, ನಡುಮಧ್ಯಾಹ್ನಕ್ಕೂ ದಿಗಂತದಿಂದ 38 ಡಿಗ್ರಿಯಷ್ಟೇ ಮೇಲೆ. ಅದೂ ಮಂಜು ಹರಿದಮೇಲೆ. ಇಷ್ಟೆಲ್ಲ ಸಹಿಸಿದರೂ ಒಂದು ಸಂಗತಿ ಉಳಿಯುತ್ತದೆ. ಉತ್ತರ ಭಾರತದ ದುಡಿಯುವ ಮನೆಯಲ್ಲಿ ಒಲೆ ಉರಿಯುವುದು ಗಂಡಸರು ಕೆಲಸಕ್ಕೆ ಹೊರಡುವ ಮುನ್ನ ಮತ್ತು ಕತ್ತಲಾದ ಮೇಲೆ. ಸೂರ್ಯ ಭರ್ಜರಿಯಾಗಿ ದುಡಿಯುವ ಹೊತ್ತಿನಲ್ಲಿ ಆ ಮನೆಗೆ ಒಲೆಯೇ ಬೇಡ. ದೇಶದ ಅತ್ಯಂತ ನಿಖರವಾದ ಅಳತೆಗಾರರು ನಾಭಿಯ ಶಾಖವನ್ನು ಅಳೆದರು. ರೊಟ್ಟಿ ಯಾವ ಹೊತ್ತಿಗೆ ಬೇಯಬೇಕು ಎಂಬ ಲೆಕ್ಕ ಮಾತ್ರ ಆ ವಿನ್ಯಾಸದೊಳಗೆ ಎಲ್ಲೂ ಕಾಣುವುದಿಲ್ಲ.

ಈ ಸೋಲಿಗೆ ನಂತರದವರು ಕೊಟ್ಟ ಸುಲಭದ ವಿವರಣೆಯೆಂದರೆ ನಮ್ಮ ಹೆಂಗಸರು ಸಂಪ್ರದಾಯಸ್ಥರು, ಹೊಸತನ್ನು ಒಪ್ಪುವುದಿಲ್ಲ ಎಂಬುದು. ಇದಕ್ಕೆ ಆಧಾರವಿಲ್ಲ. ಅದೇ ಹೆಂಗಸರು ಪಂಪ್ ಮಾಡುವ ಸೀಮೆಎಣ್ಣೆ ಸ್ಟೌ ಒಪ್ಪಿಕೊಂಡರು. ಸಿಡಿಯುತ್ತದೆಂಬ ಭಯವನ್ನು ನುಂಗಿಕೊಂಡು ಪ್ರೆಷರ್ ಕುಕ್ಕರ್ ಒಪ್ಪಿಕೊಂಡರು. 1965ರಲ್ಲಿ ಇಂಡೇನ್ ಅಡುಗೆ ಅನಿಲ ಬಂದಾಗ ಸಾಲಿನಲ್ಲಿ ನಿಂತು ವರ್ಷಗಟ್ಟಲೆ ಕಾದರು. ಈ ಮೂರಕ್ಕಿಂತಲೂ ಸೌರ ಒಲೆ ಸುರಕ್ಷಿತ, ಇಂಧನವೂ ಪುಕ್ಕಟೆ. ಆದರೂ ಅವರು ಅದನ್ನು ಬಿಟ್ಟರೆಂದರೆ ಪರೀಕ್ಷೆ ನಡೆಸಿಯೇ ಬಿಟ್ಟರು ಎಂದು ಅರ್ಥ. 1980ರ ದಶಕದಲ್ಲಿ ಸರ್ಕಾರ ಸಹಾಯಧನ ಕೊಟ್ಟು ಹಂಚಿದ ಪೆಟ್ಟಿಗೆ ಮಾದರಿಯ ಸೌರ ಕುಕ್ಕರನ್ನು ಸಾಕಷ್ಟು ಜನ ಕೊಂಡರು. ಅದನ್ನು ಪದೇ ಪದೇ ತಿರುಗಿಸಬೇಕಿರಲಿಲ್ಲ. ಗಾಜಿನ ಮುಚ್ಚಳದ ಕೆಳಗೆ ಕಪ್ಪು ಬಳಿದ ಡಬ್ಬಿಗಳನ್ನಿಟ್ಟು ಎರಡು ಮೂರು ಗಂಟೆ ಮರೆತುಬಿಡಬಹುದಿತ್ತು. ಆದರೆ ಚಪಾತಿ ಉಬ್ಬಿಸಲಾಗದ, ಒಗ್ಗರಣೆ ಸಿಡಿಸಲಾಗದ ಒಲೆ ಎರಡನೆಯ ಒಲೆಯಾಗಿ ಉಳಿಯಬಹುದೇ ಹೊರತು ಮೊದಲನೆಯದನ್ನು ಓಡಿಸಲಾರದು. ಬೇರೆ ಬೇರೆ ಕಾಲದಲ್ಲಿ ಬಂದ ಎರಡು ಒಲೆಗಳಿಗೂ ಅಡುಗೆಮನೆ ಕೊಟ್ಟ ತೀರ್ಪಿನ ಧಾಟಿ ಒಂದೇ.

ಇಲ್ಲಿ ನನ್ನ ವಾದವನ್ನು ನೇರವಾಗಿ ಹೇಳಿಬಿಡುತ್ತೇನೆ. ದಿಲ್ಲಿ ರಾಜಧಾನಿಯಾದ ಕಾರಣಕ್ಕೆ ಪರ್ಯಾಯ ಇಂಧನದ ಪ್ರತಿಯೊಂದು ಯೋಚನೆಯೂ, ಸಾಚಾ ಇರಲಿ ಖೋಟಾ ಇರಲಿ, ಅಲ್ಲಿಗೆ ಬಂದು ಹಾಜರಿ ಹಾಕಬೇಕು. ಹಾಜರಿಯ ಕ್ರಮ ಮೊಘಲರ ಕಾಲದಿಂದ ಹೆಚ್ಚೇನೂ ಬದಲಾಗಿಲ್ಲ. ವಸ್ತುವನ್ನು ಆಳುವವರ ಎದುರು ತಂದು ತೋರಿಸಬೇಕು, ಅವರು ತಲೆದೂಗಬೇಕು, ಗೌರವದ ಖಿಲ್ಲತ್ತು ಕೊಡಬೇಕು. ಇದು ಪ್ರದರ್ಶನ. ಪರೀಕ್ಷೆಯ ದಾರಿಯೇ ಬೇರೆ. ವಸ್ತು ಬಳಕೆಯಾಗುವ ಜಾಗದಲ್ಲಿ, ಬಳಸುವವರ ಕೈಯಲ್ಲಿ, ಯಾರೂ ನೋಡದ ದಿನಗಳಲ್ಲಿ ಎಷ್ಟು ಕೊಡುತ್ತದೆ ಎಂಬ ಸಂಖ್ಯೆ ಅದಕ್ಕೆ ಬೇಕು. ರಾಜಧಾನಿಯ ಇಂಧನ ಇತಿಹಾಸದ ದೊಡ್ಡ ಎಡವಟ್ಟುಗಳೆಲ್ಲ ಆದದ್ದು ಮೊದಲನೆಯದನ್ನು ಎರಡನೆಯದೆಂದು ಭಾವಿಸಿದ್ದರಿಂದ. ವಿಲಕ್ಷಣವೆಂದು ಕಂಡ ಯೋಚನೆಗೂ ಗೌರವಾನ್ವಿತ ಯೋಜನೆಗೂ ನಡುವಿನ ಗೆರೆ ನಾವು ಅಂದುಕೊಂಡ ಕಡೆ ಇರದೆ ಇರುವುದಕ್ಕೂ ಇದೇ ಕಾರಣ.

ಪ್ರಯೋಗಾಲಯದ ನೆರೆಯಲ್ಲೇ, ಅದೇ ಪೂಸಾದಲ್ಲಿ, ಭಾರತೀಯ ಕೃಷಿ ಸಂಶೋಧನಾ ಸಂಸ್ಥೆ ಇದೆ. 1934ರ ಬಿಹಾರದ ಭೂಕಂಪದಲ್ಲಿ ಕಟ್ಟಡ ಕುಸಿದ ಮೇಲೆ 1936ರಲ್ಲಿ ದಿಲ್ಲಿಗೆ ಬಂದ ಈ ಸಂಸ್ಥೆಯಲ್ಲಿ ಎಸ್.ವಿ. ದೇಸಾಯಿ 1939ರ ಹೊತ್ತಿಗೆ ಸಗಣಿಯಿಂದ ಉರಿಯುವ ಅನಿಲ ತೆಗೆಯುವ ಪ್ರಯೋಗ ನಡೆಸಿದರು. ಆ ಕಾಲಕ್ಕೆ ಅದು ನಗೆಪಾಟಲಿನ ವಿಷಯ. ಸಗಣಿ ಎಂದರೆ ಗೊಬ್ಬರ, ಹೆಚ್ಚೆಂದರೆ ಬೆರಣಿ. ಮುಂದೆ ಜಶಭಾಯಿ ಪಟೇಲರ ವಿನ್ಯಾಸದ ಮೂಲಕ, ಖಾದಿ ಗ್ರಾಮೋದ್ಯೋಗ ಆಯೋಗದ ಕೈಯಿಂದ ಗೋಬರ್ ಗ್ಯಾಸ್ ಊರೂರು ಸೇರಿತು. ಸೌರ ಒಲೆಗೆ ದೊರೆತ ಅಬ್ಬರದ ಸ್ವಾಗತ ಇದಕ್ಕೆ ಸಿಗಲಿಲ್ಲ, ಆದರೆ ಇದು ಉಳಿಯಿತು. ಕೊಟ್ಟಿಗೆಯಲ್ಲಿ ನಾಲ್ಕೈದು ರಾಸು ಇದ್ದವರಿಗೆ ಬೆಳಗ್ಗೆ ಸಂಜೆ ಎರಡೂ ಹೊತ್ತು ನೀಲಿ ಜ್ವಾಲೆ ಕೊಟ್ಟಿತು. ರಾಸು ಇಲ್ಲದವರಿಗೆ ಏನೂ ಕೊಡಲಿಲ್ಲ. ಈ ಮಿತಿಯನ್ನು ಸರಿಯಾಗಿ ಅಳೆದು ನೋಡಿದವರು ದಿಲ್ಲಿಯವರಲ್ಲ, ನಮ್ಮ ಕಡೆಯವರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಎ.ಕೆ.ಎನ್. ರೆಡ್ಡಿಯವರು ಆರಂಭಿಸಿದ 'ಅಸ್ತ್ರ' ತಂಡ ಕುಣಿಗಲ್ ತಾಲ್ಲೂಕಿನ ಹಳ್ಳಿಗಳಲ್ಲಿ ಯಾರ ಮನೆಗೆ ಎಷ್ಟು ಸೌದೆ ಬರುತ್ತದೆ, ಅದನ್ನು ತರಲು ಎಷ್ಟು ಹೊತ್ತು ನಡೆಯುತ್ತಾರೆ ಎಂಬುದನ್ನೆಲ್ಲ ಬರೆದಿಟ್ಟುಕೊಂಡಿತು. ಪುರ ಎಂಬ ಹಳ್ಳಿಯಲ್ಲಿ ಸಾಮೂಹಿಕ ಗೋಬರ್ ಗ್ಯಾಸ್ ಸ್ಥಾವರ ಕಟ್ಟಿ, ಎಲ್ಲರ ಒಲೆಗೂ ಅನಿಲ ಕೊಡಲು ಹೊರಟಿತು. ಸಿಕ್ಕ ಸಗಣಿ ಅಷ್ಟಕ್ಕೆ ಸಾಲಲಿಲ್ಲ. ತಂಡ ಸ್ಥಾವರಕ್ಕೆ ಬೀಗ ಹಾಕಲಿಲ್ಲ, ಪ್ರಶ್ನೆಯನ್ನೇ ಬದಲಿಸಿತು. ನಿಮಗೆ ಮೊದಲು ಬೇಕಾದದ್ದೇನು ಎಂದು ಊರವರನ್ನು ಕೇಳಿ, 1987ರಲ್ಲಿ ಅದೇ ಅನಿಲದಿಂದ ಎಂಜಿನ್ ಓಡಿಸಿ ಕೊಳವೆಬಾವಿಯ ನೀರನ್ನೂ ಮನೆಗಳಿಗೆ ದೀಪವನ್ನೂ ಕೊಟ್ಟಿತು. ಅಡುಗೆಗೆ ಸಾಲದ ಅನಿಲ ನೀರಿಗೆ ಸಾಕಾಯಿತು. ಇಂಥ ಹಿಂಜರಿಕೆ, ತಿದ್ದುಪಡಿಗಳಿಗೆ ದರ್ಬಾರಿನ ಪ್ರದರ್ಶನದಲ್ಲಿ ಎಡೆಯೇ ಇರುವುದಿಲ್ಲ.

1973ರ ತೈಲ ಬಿಕ್ಕಟ್ಟಿನ ನಂತರ ದಿಲ್ಲಿ ಮತ್ತೆ ಸೂರ್ಯನ ಕಡೆ ತಿರುಗಿತು. 1981ರಲ್ಲಿ ಹೆಚ್ಚುವರಿ ಇಂಧನ ಮೂಲಗಳ ಆಯೋಗ ಬಂತು. ಮರುವರ್ಷ ಅದಕ್ಕೊಂದು ಪ್ರತ್ಯೇಕ ಇಲಾಖೆಯೇ ಆಯಿತು. 1992ರಲ್ಲಿ ಆ ಇಲಾಖೆ ಸಚಿವಾಲಯವಾಯಿತು. ಗುಡಗಾಂವ್ ಬಳಿಯ ಗ್ವಾಲ್ ಪಹಾಡಿಯಲ್ಲಿ 1982ರಲ್ಲಿ ಸೌರಶಕ್ತಿ ಕೇಂದ್ರ ಶುರುವಾಯಿತು. ಇವುಗಳಿಗಿಂತ ಮುಂಚೆ, ಯಮುನೆಯಾಚೆ ಗಾಜಿಯಾಬಾದಿನ ಸಾಹಿಬಾಬಾದಿನಲ್ಲಿ 1974ರಲ್ಲಿ ಹುಟ್ಟಿದ ಸರ್ಕಾರಿ ಕಾರ್ಖಾನೆ ಸೆಂಟ್ರಲ್ ಎಲೆಕ್ಟ್ರಾನಿಕ್ಸ್ ಲಿಮಿಟೆಡ್ ದೇಶದ ಮೊದಲ ಸೌರಕೋಶವನ್ನು 1977ರಲ್ಲಿ, ಮೊದಲ ಫಲಕವನ್ನು 1978ರಲ್ಲಿ ತಯಾರಿಸಿತು. ಆಗ ಸೌರ ವಿದ್ಯುತ್ತಿನ ಬೆಲೆ ಕೇಳಿದರೆ ಯಾವ ವಿದ್ಯುತ್ ಮಂಡಳಿಯ ಎಂಜಿನಿಯರೂ ನಕ್ಕುಬಿಡುತ್ತಿದ್ದ. ಹೋಮಿ ಭಾಭಾ ಕಟ್ಟಿದ ಸಂಸ್ಥೆಯಲ್ಲೇ ಗಣಿತಜ್ಞರಾಗಿದ್ದ ಡಿ.ಡಿ. ಕೋಸಂಬಿ ಅಣುವಿದ್ಯುತ್ತಿಗಿಂತ ಸೂರ್ಯನೇ ಭಾರತಕ್ಕೆ ಸರಿ ಎಂದು 1960ರ ಸುಮಾರಿಗೆ ವಾದಿಸಿದಾಗಲೂ ಗಂಭೀರವಾಗಿ ತೆಗೆದುಕೊಂಡವರು ಕಡಿಮೆ.

ಇಲ್ಲೊಂದು ಗಟ್ಟಿ ಆಕ್ಷೇಪ ಎದುರಾಗುತ್ತದೆ. ಬಳಕೆಯ ಜಾಗದ ಸಂಖ್ಯೆಯನ್ನೇ ಕೇಳುತ್ತ ಕುಳಿತಿದ್ದರೆ ಸಾಹಿಬಾಬಾದಿನ ಕಾರ್ಖಾನೆಯನ್ನು ಹುಟ್ಟಿದ ವರ್ಷವೇ ಮುಚ್ಚಬೇಕಿತ್ತಲ್ಲ? ಹೊಸ ತಂತ್ರಜ್ಞಾನಕ್ಕೆ ಎಳವೆಯಲ್ಲಿ ರಿಯಾಯಿತಿ ಬೇಡವೆ? ರಿಯಾಯಿತಿ ಬೇಕು, ನಿಜ. ಆದರೆ ಸೌರಕೋಶ ಬದುಕಿದ್ದು ರಿಯಾಯಿತಿಯೊಂದರಿಂದಲೇ ಅಲ್ಲ. ತನ್ನ ದುಬಾರಿ ಬೆಲೆಗೂ ಅಗ್ಗವೆನಿಸುವ ಜಾಗಗಳು ಅದಕ್ಕೆ ಸಿಕ್ಕವು. ಕಂಬ ತಲುಪದ ಕಡೆಯ ರೈಲ್ವೆ ಸಿಗ್ನಲ್, ಬೆಟ್ಟದ ಮೇಲಿನ ದೂರಸಂಪರ್ಕ ಗೋಪುರ, ಕಡಲ ನಡುವಿನ ತೈಲ ಬಾವಿಯ ಕಟ್ಟೆ, ಇಲ್ಲೆಲ್ಲ ಪೈಪೋಟಿಗಿದ್ದದ್ದು ದೂರದಿಂದ ಹೊತ್ತು ತರಬೇಕಾದ ಡೀಸೆಲ್ ಅಥವಾ ಆಗಾಗ ಬದಲಿಸಬೇಕಾದ ಬ್ಯಾಟರಿ. ಅಲ್ಲಿನ ಲೆಕ್ಕದಲ್ಲಿ ಫಲಕ ಗೆದ್ದಿತು. ಜಗತ್ತಿನಾದ್ಯಂತ ಬೆಲೆ ಬಿದ್ದದ್ದಂತೂ ಜರ್ಮನಿಯ ನೀತಿ, ಚೀನಾದ ಕಾರ್ಖಾನೆಗಳ ಪುಣ್ಯ. ದಿಲ್ಲಿಗೆ ಅದರ ಶ್ರೇಯಸ್ಸು ಸಲ್ಲುವುದಿಲ್ಲ. 2017ರ ಮೇ ತಿಂಗಳಲ್ಲಿ ರಾಜಸ್ಥಾನದ ಭಡ್ಲಾದ ಹರಾಜಿನಲ್ಲಿ ಯೂನಿಟ್ಟಿಗೆ 2 ರೂಪಾಯಿ 44 ಪೈಸೆಯ ಬಿಡ್ ಬಂತು. 2019ರಿಂದ ದಿಲ್ಲಿ ಮೆಟ್ರೋ ಮಧ್ಯಪ್ರದೇಶದ ರೀವಾದ 750 ಮೆಗಾವಾಟ್ ಸ್ಥಾವರದ ಸೌರ ವಿದ್ಯುತ್ತನ್ನು ಕೊಳ್ಳುತ್ತಿದೆ. ಮೆಟ್ರೋದವರು ಕೊಂಡದ್ದು ದರ ಗಿಟ್ಟಿತೆಂದು. ಒಂದು ಕಾಲದ ವಿಲಕ್ಷಣ ಯೋಚನೆ ಈಗ ಲೆಕ್ಕಪತ್ರ ವಿಭಾಗದ ಗುಮಾಸ್ತರ ಕಡತ ಸೇರಿದೆ.

ಇದಕ್ಕೆ ತದ್ವಿರುದ್ಧವಾದದ್ದು ತಿಮಾರ್‌ಪುರದ ಕಥೆ. ಉತ್ತರ ದಿಲ್ಲಿಯ ತಿಮಾರ್‌ಪುರದಲ್ಲಿ 1980ರ ದಶಕದ ಕೊನೆಗೆ ಕಸದಿಂದ ವಿದ್ಯುತ್ ತೆಗೆಯುವ ಸ್ಥಾವರ ಎದ್ದು ನಿಂತಿತು. ಡೆನ್ಮಾರ್ಕಿನ ಹೆಸರಾಂತ ಕಂಪನಿಯ ತಂತ್ರಜ್ಞಾನ, ಕೇಂದ್ರ ಸರ್ಕಾರದ ಬೆಂಬಲ, 20 ಕೋಟಿಗೂ ಮೇಲ್ಪಟ್ಟ ಖರ್ಚು. ದಿನಕ್ಕೆ 300 ಟನ್ ಕಸ ಸುಟ್ಟು 3.75 ಮೆಗಾವಾಟ್ ವಿದ್ಯುತ್ ಕೊಡಬೇಕಿತ್ತು. ಸ್ಥಾವರ ಓಡಿದ್ದು 21 ದಿನ. ಕಿಲೋಗೆ 1,400 ಕಿಲೋಕ್ಯಾಲೊರಿಗೂ ಹೆಚ್ಚು ಶಾಖ ಕೊಡುವ ಕಸ ಬರುತ್ತದೆಂಬ ಎಣಿಕೆಯ ಮೇಲೆ ಅದನ್ನು ಕಟ್ಟಿದ್ದರು. ಬಂದ ಕಸದಲ್ಲಿ ಅದರ ಅರ್ಧದಷ್ಟೂ ಇರಲಿಲ್ಲ. ಕಾರಣ ದಿಲ್ಲಿಯ ಯಾವ ಮೊಹಲ್ಲಾದ ಕಸದ ತೊಟ್ಟಿಯ ಪಕ್ಕದಲ್ಲಿ ಒಂದು ಗಂಟೆ ನಿಂತಿದ್ದರೂ ತಿಳಿಯುತ್ತಿತ್ತು. ಉರಿಯುವಂಥದ್ದೆಲ್ಲ, ಅಂದರೆ ರದ್ದಿ ಕಾಗದ, ರಟ್ಟು, ಪ್ಲಾಸ್ಟಿಕ್, ಮೊದಲು ಮನೆಬಾಗಿಲಲ್ಲೇ ಕಬಾಡಿವಾಲಾನ ತಕ್ಕಡಿಗೆ ಹೋಗುತ್ತಿತ್ತು, ಉಳಿದದ್ದು ಚಿಂದಿ ಆಯುವವರ ಚೀಲಕ್ಕೆ. ಕೊನೆಗೆ ತೊಟ್ಟಿಯಲ್ಲಿ ಉಳಿಯುತ್ತಿದ್ದದ್ದು ತರಕಾರಿ ಸಿಪ್ಪೆ, ಅಂಗೀಠಿ ಒಲೆಯ ಬೂದಿ, ಬೀದಿ ಗುಡಿಸಿದ ಧೂಳು. ಈ ಮುದ್ದೆ ಹೊತ್ತಿಕೊಳ್ಳಬೇಕಾದರೆ ಡೀಸೆಲ್ ಸುರಿಯಬೇಕಿತ್ತು. ನಂತರ 2012ರಲ್ಲಿ ಓಖ್ಲಾದಲ್ಲಿ ಶುರುವಾದ 16 ಮೆಗಾವಾಟ್ ಸ್ಥಾವರ ಓಡುತ್ತಿದೆಯಲ್ಲ ಎನ್ನುವವರಿದ್ದಾರೆ. ಓಡುತ್ತಿರುವುದು ನಿಜ. ಇಪ್ಪತ್ತು ವರ್ಷದಲ್ಲಿ ದಿಲ್ಲಿಯ ಕಸದ ಗುಣವೇ ಬದಲಾಗಿದೆ, ಪ್ಲಾಸ್ಟಿಕ್ ಹೆಚ್ಚಿದೆ. ಆದರೆ ಅದರ ಹೊಗೆಯ ಅಳತೆಗಾಗಿ ಪಕ್ಕದ ಸುಖದೇವ್ ವಿಹಾರದ ನಿವಾಸಿಗಳು ವರ್ಷಗಟ್ಟಲೆ ಕೋರ್ಟು, ಹಸಿರು ನ್ಯಾಯಮಂಡಳಿ ಅಲೆಯಬೇಕಾಯಿತು. 2017ರಲ್ಲಿ ನ್ಯಾಯಮಂಡಳಿ ಸ್ಥಾವರಕ್ಕೆ 25 ಲಕ್ಷ ರೂಪಾಯಿ ದಂಡ ವಿಧಿಸಿತು.

ತಿಮಾರ್‌ಪುರದ ಸೋಲಿನ ಕೆಲವು ವರ್ಷಗಳ ನಂತರ, 1996ರಲ್ಲಿ, ತಮಿಳುನಾಡಿನ ರಾಜಪಾಳ್ಯಂ ಕಡೆಯ ರಾಮರ್ ಪಿಳ್ಳೈ ಗಿಡಮೂಲಿಕೆಯಿಂದ ಪೆಟ್ರೋಲ್ ಮಾಡುತ್ತೇನೆಂದು ಬಂದ. ಸೊಪ್ಪು ಹಾಕಿ ನೀರು ಕುದಿಸುವುದು, ಒಂದಿಷ್ಟು ಉಪ್ಪು ಹುಳಿ ಬೆರೆಸಿ ಕಡೆಯುವುದು, ತಣಿದಾಗ ಮೇಲೆ ತೇಲುವ ದ್ರವಕ್ಕೆ ಬೆಂಕಿ ಹಚ್ಚಿ ತೋರಿಸುವುದು. ಕೇಂದ್ರ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯೇ ಆಸಕ್ತಿ ತೋರಿತು. ಪತ್ರಿಕೆಗಳು ಕೊಂಡಾಡಿದವು. ಚೆನ್ನೈನ ಐಐಟಿಯಲ್ಲಿ ಕಾವಲಿಟ್ಟು ಮಾಡಿಸಿದ ಪರೀಕ್ಷೆಯಲ್ಲಿ ಪವಾಡ ನಡೆಯಲಿಲ್ಲ. ಮುಂದೆ ಸಿಬಿಐ ಪ್ರಕರಣವಾಗಿ, 2016ರಲ್ಲಿ ಚೆನ್ನೈನ ನ್ಯಾಯಾಲಯ ಮೂರು ವರ್ಷದ ಶಿಕ್ಷೆ ವಿಧಿಸಿತು. ಈ ಪ್ರಕರಣದಲ್ಲಿ ಕಾವಲಿನ ಪರೀಕ್ಷೆಯೂ ಬೇಕಿರಲಿಲ್ಲ, ಒಂದು ತುಂಡು ಕಾಗದ ಸಾಕಿತ್ತು. ಒಣಗಿದ ಸಸ್ಯದ ಒಂದು ಕಿಲೋದಲ್ಲಿರುವ ಶಕ್ತಿ ಸುಮಾರು 17 ಮೆಗಾಜೂಲ್. ಒಂದು ಲೀಟರ್ ಪೆಟ್ರೋಲಿನಲ್ಲಿ ಅದರ ಹೆಚ್ಚುಕಡಿಮೆ ಎರಡರಷ್ಟು. ಎಳ್ಳಷ್ಟೂ ನಷ್ಟವಾಗದಿದ್ದರೂ ಒಂದು ಲೀಟರಿಗೆ ಎರಡು ಕಿಲೋ ಒಣ ಸೊಪ್ಪು ಬೇಕು, ಹಿಡಿ ಎಲೆಯಿಂದ ಆಗುವ ಮಾತಲ್ಲ. ತಿಮಾರ್‌ಪುರದಲ್ಲಿ ತಪ್ಪಿದ್ದೂ ಇದೇ ಬಗೆಯ ಲೆಕ್ಕ: ಒಳಗೆ ಹೋಗುವ ವಸ್ತುವಿನಲ್ಲಿ ಇರುವ ಶಾಖ ಎಷ್ಟು? ಒಂದು ಕಡೆ ಶಾಲೆ ಬಿಟ್ಟ ಹಳ್ಳಿಗ, ಇನ್ನೊಂದು ಕಡೆ ಟೈ ಕಟ್ಟಿದ ವಿದೇಶಿ ತಜ್ಞರು. ಒಬ್ಬನದು ವಂಚನೆ, ಇನ್ನೊಬ್ಬರದು ಬರಿಯ ಉಪೇಕ್ಷೆ, ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು. ಆದರೆ ಇಬ್ಬರನ್ನೂ ಒಳಗೆ ಬಿಟ್ಟದ್ದು ಒಂದೇ ಬಾಗಿಲು.

ಮೊಬೈಲಿನಲ್ಲಿ ಹರಿದಾಡುವ ವಿಡಿಯೊಗಳ ಭಕ್ತರು ಇದನ್ನೇ ಹಿಡಿದು ವಾದಿಸುತ್ತಾರೆ. ಸೌರಕೋಶಕ್ಕೆ ನಕ್ಕಿದ್ದಿರಿ, ಸಗಣಿಗೆ ನಕ್ಕಿದ್ದಿರಿ, ನಿಮ್ಮ ತಜ್ಞರೇ ತಿಮಾರ್‌ಪುರದಲ್ಲಿ ಮುಗ್ಗರಿಸಿದರು. ಹಾಗಿದ್ದ ಮೇಲೆ ನೀರಿನಿಂದ ಓಡುವ ಕಾರನ್ನು, ಆಯಸ್ಕಾಂತದಿಂದ ನಿರಂತರ ತಿರುಗುವ ಮೋಟಾರನ್ನು ತಳ್ಳಿಹಾಕಲು ನೀವು ಯಾರು? ಈ ಪ್ರಶ್ನೆಯ ಬಾಯಿಯನ್ನು ಪದವಿಯಿಂದ ಮುಚ್ಚಿಸಲು ಬರುವುದಿಲ್ಲ. ನಮ್ಮ ಕೈಗಾ ಅಣುವಿದ್ಯುತ್ ಯೋಜನೆಯಲ್ಲಿ ಹಿರಿಯ ಹುದ್ದೆಯಲ್ಲಿದ್ದ ಪರಮಹಂಸ ತಿವಾರಿ ಎಂಬ ಎಂಜಿನಿಯರೇ, ಒಳಗೆ ಕೊಟ್ಟದ್ದಕ್ಕಿಂತ ಹೆಚ್ಚು ವಿದ್ಯುತ್ತನ್ನು ಹೊರಗೆ ಕೊಡುವ ಜನರೇಟರ್ ತಮ್ಮದೆಂದು ದಶಕಗಳ ಕಾಲ ಹೇಳುತ್ತ ಬಂದರು. ಹೇಳಿದವರು ಅಣುಸ್ಥಾವರ ಕಟ್ಟಿದವರು, ಅಜ್ಞಾನಿಗಳಲ್ಲ. ಹೆಚ್ಚುವರಿ ವಿದ್ಯುತ್ ನಿಜವಿದ್ದರೆ ಹೊರಬಂದದ್ದರಲ್ಲಿ ಒಂದು ಪಾಲನ್ನು ಮರಳಿ ಒಳಗೆ ಕೊಟ್ಟು, ಗೋಡೆಯ ಪ್ಲಗ್ ಕಿತ್ತು, ಯಂತ್ರ ತಿಂಗಳುಗಟ್ಟಲೆ ಓಡುವುದನ್ನು ತೋರಿಸಬಹುದಿತ್ತು. ಆ ಯಂತ್ರದಿಂದ ಒಂದು ಊರಿಗೂ ದೀಪ ಹತ್ತಲಿಲ್ಲ. ಸಗಣಿ ಮತ್ತು ಸೌರಕೋಶ ನಗುವನ್ನು ದಾಟಿ ಬಂದದ್ದು ಇದೇ ಪರೀಕ್ಷೆಯಲ್ಲಿ ಪಾಸಾಗಿ. ನಗೆಗೀಡಾದದ್ದೊಂದೇ ಅರ್ಹತೆಯಾಗುವುದಿಲ್ಲ.

ನೀರಿನ ಕಾರಿನ ಮಾತಿಗೆ ಇನ್ನೊಂದು ಸಭ್ಯ ರೂಪವೂ ಇದೆ. 2022ರ ಮಾರ್ಚ್ 30ರಂದು ಸಚಿವ ನಿತಿನ್ ಗಡ್ಕರಿ ಜಲಜನಕದ ಟೊಯೋಟಾ ಕಾರಿನಲ್ಲಿ ಸಂಸತ್ ಭವನಕ್ಕೆ ಬಂದಿಳಿದರು. ಕ್ಯಾಮೆರಾಗಳೆಲ್ಲ ಅತ್ತ ತಿರುಗಿದವು. ಆ ಕಾರು ಶುದ್ಧ ವಿಜ್ಞಾನ, ಅದರಲ್ಲಿ ಸಂಶಯವಿಲ್ಲ. ಆದರೆ ಲೆಕ್ಕ ಹೀಗಿದೆ: ನೀರನ್ನು ಒಡೆದು ಒಂದು ಕಿಲೋ ಜಲಜನಕ ತೆಗೆಯಲು 50 ಯೂನಿಟ್ಟಿಗೂ ಹೆಚ್ಚು ವಿದ್ಯುತ್ ಬೇಕು, ಆ ಕಿಲೋದಲ್ಲಿ ಸಿಗುವುದು 33 ಯೂನಿಟ್, ಕಾರಿನೊಳಗಿನ ಕೋಶ ಅದರ ಅರ್ಧವನ್ನಷ್ಟೇ ಚಕ್ರಕ್ಕೆ ಮುಟ್ಟಿಸುತ್ತದೆ. ಅದೇ ವಿದ್ಯುತ್ತನ್ನು ನೇರ ಬ್ಯಾಟರಿಗೆ ತುಂಬಿದರೆ ಮುಕ್ಕಾಲು ಭಾಗ ಚಕ್ರಕ್ಕೆ ತಲುಪುತ್ತದೆ. ಉಕ್ಕಿನ ಕಾರ್ಖಾನೆಗೋ ಗೊಬ್ಬರಕ್ಕೋ ಜಲಜನಕ ಅನಿವಾರ್ಯವಾಗಬಹುದು. ಮಂತ್ರಿಗಳ ಕಾರಿಗೆ ಅಲ್ಲ. ಅದಕ್ಕಿಂತ ಸುಮಾರು ಒಂದೂವರೆ ವರ್ಷ ಹಿಂದೆ, ಸಿಎನ್‌ಜಿಗೆ ಶೇ 18ರಷ್ಟು ಜಲಜನಕ ಬೆರೆಸಿ ರಾಜಘಾಟ್ ಡಿಪೋದ 50 ಬಸ್ಸುಗಳನ್ನು ಆರು ತಿಂಗಳ ಪ್ರಯೋಗಕ್ಕೆಂದು ರಸ್ತೆಗಿಳಿಸಿದ್ದರು. ನಿಜವಾದ ಪರೀಕ್ಷೆ ಎನ್ನಬಹುದಾದದ್ದು ಅದು, ಮಾಮೂಲಿ ಬಸ್ಸು, ಮಾಮೂಲಿ ಪ್ರಯಾಣಿಕರು. ಅದರ ಫೋಟೊ ಯಾರಿಗೂ ನೆನಪಿಲ್ಲ.

ಕುತೂಹಲದ ಮಾತೆಂದರೆ, ರಾಜಧಾನಿಯ ಬೀದಿಗಳಲ್ಲಿ ಗೆದ್ದ ವಿದ್ಯುತ್ ವಾಹನ ದರ್ಬಾರಿಗೆ ಬರಲೇ ಇಲ್ಲ. 2010ರ ಸುಮಾರಿಗೆ ಚೀನಾದ ಬಿಡಿಭಾಗಗಳನ್ನು ತರಿಸಿ ಗಲ್ಲಿಗಳಲ್ಲಿ ಜೋಡಿಸಿದ ಇ-ರಿಕ್ಷಾಗಳು ಮೆಟ್ರೋ ನಿಲ್ದಾಣಗಳ ಬಾಯಲ್ಲಿ ಸಾಲುಗಟ್ಟತೊಡಗಿದವು. ಸೀಟಿನ ಕೆಳಗೆ ನಾಲ್ಕು ಸೀಸದ ಬ್ಯಾಟರಿ, ಒಂದು ಪುಟ್ಟ ಮೋಟಾರು, ಗಂಟೆಗೆ 25 ಕಿಲೋಮೀಟರ್ ವೇಗ. ನೋಂದಣಿ ಇಲ್ಲ, ವಿಮೆ ಇಲ್ಲ, ಸಹಾಯಧನವಂತೂ ಇಲ್ಲವೇ ಇಲ್ಲ. ತ್ರಿಲೋಕಪುರಿಯಲ್ಲಿ ಇ-ರಿಕ್ಷಾ ಡಿಕ್ಕಿಯಾಗಿ ಮಗುವೊಂದು ಸತ್ತ ನಂತರ 2014ರ ಜುಲೈ 31ರಂದು ದಿಲ್ಲಿ ಹೈಕೋರ್ಟ್ ಅವುಗಳನ್ನು ನಿಷೇಧಿಸಿತು. ಅಷ್ಟರಲ್ಲಿ ಅವುಗಳ ಮೇಲೆ ಬದುಕುವವರ ಸಂಖ್ಯೆ ಎಷ್ಟಾಗಿತ್ತೆಂದರೆ ಕೇಂದ್ರ ಸರ್ಕಾರ ಕೆಲವೇ ತಿಂಗಳಲ್ಲಿ ನಿಯಮ ರೂಪಿಸಿ, 2015ರಲ್ಲಿ ಮೋಟಾರು ವಾಹನ ಕಾಯ್ದೆಯನ್ನೇ ತಿದ್ದಿತು. ಪರೀಕ್ಷೆ ನಡೆಸಿದವರು ಚಾಲಕರೇ. ಬೆಳಗ್ಗೆ ಚಾರ್ಜಿನ ಖರ್ಚು, ದಿನದ ಬಾಡಿಗೆ, ರಾತ್ರಿ ಜೇಬಿನಲ್ಲಿ ಉಳಿದದ್ದು, ಈ ಮೂರು ಸಂಖ್ಯೆ ಪ್ರತಿದಿನ ಕೂಡಿ ಕಳೆದು ನೋಡಿದರು. ಸೈಕಲ್ ರಿಕ್ಷಾ ತುಳಿದು ಬಲ್ಲ ಕಾಲುಗಳಿಗೆ ಬೇರೆ ಸಾಕ್ಷಿಯೂ ಬೇಕಿರಲಿಲ್ಲ.

ಹಾಗೆಂದು ಇ-ರಿಕ್ಷಾಕ್ಕೆ ಹಸಿರು ಪದಕ ಕೊಡಲು ಆತುರ ಬೇಡ. 2018ರಲ್ಲಿ ಬದರ್‌ಪುರದ ಕಲ್ಲಿದ್ದಲ ಸ್ಥಾವರ ಮುಚ್ಚಿದರೂ ದಾದ್ರಿಯದು ಉರಿಯುತ್ತಿದೆ, ರಾತ್ರಿ ಹೊತ್ತು ಬ್ಯಾಟರಿಗೆ ತುಂಬುವ ವಿದ್ಯುತ್ತಿನ ಬಹುಪಾಲು ಕಲ್ಲಿದ್ದಲಿನದೇ. ಕಂಬದಿಂದ ಕೊಕ್ಕೆ ಹಾಕಿ ಕದ್ದು ತುಂಬುವುದೂ ಉಂಟು. ಅಂಥ ಕಡೆ ಚಾಲಕನ ಲೆಕ್ಕದಲ್ಲಿ ಉಳಿತಾಯ ಕಂಡದ್ದನ್ನು ವಿದ್ಯುತ್ ಕಂಪನಿಯ ಪುಸ್ತಕದಲ್ಲಿ ನಷ್ಟವೆಂದೇ ಓದಬೇಕು. ಸೀಸದ ಬ್ಯಾಟರಿ ಒಂದೆರಡು ವರ್ಷದಲ್ಲಿ ಸತ್ತಾಗ ಅದು ಹೋಗುವುದು ಹಳೆ ಬ್ಯಾಟರಿ ಕೊಳ್ಳುವವನ ಅಂಗಡಿಗೆ, ಅಲ್ಲಿಂದ ಮುಂದೆ ಎಷ್ಟೋ ಸಲ ಪರವಾನಗಿ ಇಲ್ಲದ ಭಟ್ಟಿಗೆ. ಆ ಭಟ್ಟಿಯ ಸುತ್ತಲಿನ ಮಣ್ಣಿನಲ್ಲಿ, ಅಲ್ಲಿ ಆಡುವ ಮಕ್ಕಳ ರಕ್ತದಲ್ಲಿ ಎಷ್ಟು ಸೀಸ ಸೇರಿದೆ ಎಂಬುದನ್ನು ಚಾಲಕ ಅಳೆಯಲಾರ. ಅದು ಪೂಸಾದಂಥ ಕಡೆ ಉಪಕರಣ ಇಟ್ಟುಕೊಂಡು ಕುಳಿತವರ ಕೆಲಸ.